ಮರಿಚಿಪ್ಪಿನ ನೀರು

ಚಿಕ್ಕಣ್ಣಗೌಡರು ಬ್ಲೀಚಿಂಗ್ ಪುಡಿಯ ಡಬ್ಬವನ್ನು ತೊಟ್ಟಿಯ ಮೇಲೆ ಬಾಗಿಸಿದಾಗ ಅಲ್ಲಿ ಚಿಪ್ಪು ಸಾಕುವ ಲಕ್ಕಮ್ಮನ ಕೈ ನೀರಿನಲ್ಲಿತ್ತು, ಕಣ್ಣು ತಳದಲ್ಲಿತ್ತು. ಮೀನಿನ ಕಿವಿರಿಗೆ ಅಂಟಿಕೊಂಡು ಬೆಳೆದ ಮುತ್ತಿನ ಚಿಪ್ಪಿನ ಮರಿಗಳು, ರಾಗಿಕಾಳಿಗಿಂತ ಸಣ್ಣವು, ಆಗಷ್ಟೇ ಮರಳಿಗಿಳಿದು ತೆವಳುತ್ತಿದ್ದವು.

“ಹೊಲಗೇರಿಯೋರು ಕೈಯಿಟ್ಟ ನೀರು ನಮ್ಮ ತೋಟಕ್ಕೆ ಹರೀತೈತೆ. ಶುದ್ಧ ಆಗ್ಬೇಕು,” ಎಂದರು ಗೌಡರು.

“ಮರಿಗಳು ಸಾಯ್ತವೆ, ಗೌಡ್ರೇ.”

“ಸತ್ರೆ ಇನ್ನೊಂದಷ್ಟು ಸಾಕ್ಕೊ.”

ಪುಡಿಯ ಘಾಟು ಮೂಗಿಗೆ ಬಡಿದರೂ ಲಕ್ಕಮ್ಮ ನೀರಿನಿಂದ ಕೈ ತೆಗೆಯಲಿಲ್ಲ. “ಹಂಗಾದ್ರೆ ಅರ್ಧ ಪುಡಿ ನಿಮ್ಮ ಬಾವಿಗೂ ಉಳಿಸ್ಕೊಳ್ಳಿ. ಈ ಕೂಸುಗಳಿಗೆ ಕೆರೆನೀರು ಒಗ್ಗಲ್ಲ ಅಂತ ದಿನಾ ನಸುಕಲ್ಲಿ ನಿಮ್ಮನೆ ಬಾವಿಯಿಂದ್ಲೇ ಸೇದಿ ತಂದಿದೀನಿ. ಇದೇ ಕೈಲಿ.”

ಗೌಡರು ಡಬ್ಬವನ್ನು ನೆಟ್ಟಗೆ ಮಾಡಿ, ಸುತ್ತ ನೋಡಿ, ಮುಚ್ಚಳ ಬಿಗಿದರು. ಬೆಳಿಗ್ಗೆ ಕುಡಿದ ನೀರು ಗಂಟಲಿಗೆ ಬಂದಂತಿತ್ತು ಅವರ ಮುಖ.

“ಇದನ್ನ ಯಾರಿಗಾದ್ರೂ ಹೇಳಿದೀಯೇನೇ?” ದನಿ ತಗ್ಗಿತ್ತು.

“ಇನ್ನೂ ಇಲ್ಲ,” ಎಂದಳು ಲಕ್ಕಮ್ಮ.