ಯಾರೂ ಸಾಯದ ಹಡಗು

“ಇಡೀ ಮಹಾಯುದ್ಧದಾಗ ನಮ್ಮ ಸರಕಿನ ಹಡಗಿನ್ಯಾಗ ಒಬ್ಬರೂ ಸತ್ತಿಲ್ಲಂತ ದಾಖಲಿ ಐತ್ರಿ,” ಎಂದು ನಕ್ಕ ನಿವೃತ್ತ ನೌಕಾಧಿಕಾರಿ ಇನಾಮದಾರರು ಚಹಾಕ್ಕೆ ಕೈ ಚಾಚಿದರು. ಆ ಹಡಗಿನ ಚರಿತ್ರೆ ಬರೆಯಲು ಹಳೆಯ ಕೆಲಸಗಾರರ ಮನೆ ಹುಡುಕುತ್ತ ಖತಿಜಾಬಿಯ ಊರಾದ ತೊರಗಲ್ಲಿಗೆ ಬಂದಿದ್ದರು. “ಖರೇ ಹೇಳಬೇಕಂದ್ರ, ಕಲ್ಲಿದ್ದಲ ಹಾಕತಿದ್ದ ನಿಮ್ಮ ಗಂಡ ದಸ್ತಗೀರ ಬಾಯ್ಲರ್ ಒಡದು ಸತ್ತ. ಸತ್ತಾನಂತ ಬರದಿದ್ದರ ವಿಚಾರಣಿಗೆ ಹಡಗು ನಿಲ್ಲಿಸ್ತಿದ್ರು. ಅದಕ್ಕ ಬಂದರದಾಗ ಇಳದು ಓಡಿಹೋದ ಅಂತ ಬರದ್ವಿ. ಈಗ ಹೇಳಾಕ ಅಡ್ಡಿಲ್ಲ ಬಿಡ್ರಿ.”

ಖತಿಜಾಬಿ ಚಹಾದ ಕಪ್ಪು-ಬಶಿ ಹಿಡಿದೇ ನಿಂತಳು. ಗಂಡ ಓಡಿಹೋದ ಸುದ್ದಿ ಬಂದಾಗ ಅವಳಿಗೆ ಹದಿನೆಂಟು. ಅಂದಿನಿಂದ ಐವತ್ತು ವರ್ಷ, ಪ್ರತಿ ರಂಜಾನ್ ಹಬ್ಬಕ್ಕೆ ಬಳೆಗಾರನ ಮುಂದೆ ಕೈ ನೀಡಿ ಹಸಿರು ಬಳೆ ಇಡಿಸಿಕೊಳ್ಳುವಾಗಲೆಲ್ಲ, “ಎಲ್ಲಿ ಅದಾನೋ ಅಲ್ಲೇ ಹುಳಾ ಬಿದ್ದು ಸಾಯ್ಲಿ” ಎಂದು ಶಪಿಸುತ್ತಲೇ ಬಂದಿದ್ದಳು.

ಚಹಾ ಕೊಡಲಿಲ್ಲ. ಕೆಳಗಿಟ್ಟು ಹೊಸ್ತಿಲ ಬಳಿ ಕುಕ್ಕರಿಸಿ, ಎರಡೂ ಕೈಗಳನ್ನು ಕಲ್ಲಿಗೆ ಅಪ್ಪಳಿಸಿದಳು. ಹಸಿರು ಚೂರುಗಳು ಇನಾಮದಾರರ ಬೂಟಿನವರೆಗೂ ಸಿಡಿದವು.

“ಬರಕೋರಿ ಸಾಹೇಬರ,” ಎಂದಳು. “ನನ್ನ ಗಂಡ ಇವತ್ತ ಸತ್ತಾನ.”