ಸಿದ್ಧ ಪ್ಯಾಕೇಜು

"ಮುಗೀತು," ಎಂದು ರೂಪೇಶ ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದಾಗ ವೈಜಯಂತಿ ಇನ್ನೂ ಕಾಲೇಜು ಗ್ರಂಥಾಲಯದ ಕಿಟಕಿಗಳನ್ನೂ ಪೂರ್ತಿ ತೆರೆದಿರಲಿಲ್ಲ.

"ಅಪ್‌ಗ್ರೇಡ್ ಮುಗೀತಾ? ಇಷ್ಟು ಬೇಗ?"

"ಹೌದು. ಎಲ್ಲಾ ಹೊಸ ಆವೃತ್ತಿಗೆ ಬಂತು."

ಅಂಕೋಲೆಯ ಆ ಗ್ರಂಥಾಲಯದ ಪುಸ್ತಕಗಳ ವಿವರವೆಲ್ಲ ಇದ್ದದ್ದು ಫ್ರೀಬಿಎಸ್‌ಡಿ ಎಂಬ ಕಾರ್ಯವ್ಯವಸ್ಥೆಯ ಒಂದು ಹಳೆಯ ಸರ್ವರಿನಲ್ಲಿ. ಅದರ ತಂತ್ರಾಂಶಗಳನ್ನು ಹೊಸದು ಮಾಡಲು ರೂಪೇಶ ವರ್ಷಕ್ಕೆರಡು ಸಲ ಮಾಜಾಳಿಯಿಂದ ಬರುತ್ತಿದ್ದ. ಮೂಲ ಕೋಡ್ ತರಿಸಿ ಒಂದೊಂದನ್ನೂ ಇಲ್ಲೇ ಕಂಪೈಲ್ ಮಾಡಬೇಕು, ಅಂದರೆ ಈ ಯಂತ್ರ ಓಡಿಸಬಲ್ಲ ರೂಪಕ್ಕೆ ತರಬೇಕು, ನಡುವೆ ಬಿಟ್ಟು ಹೋಗುವ ಹಾಗಿಲ್ಲ ಎನ್ನುತ್ತಿದ್ದ. ಪರದೆಯ ಮೇಲೆ ಸಾಲುಗಳು ಸಂಜೆಯವರೆಗೂ ಓಡುತ್ತಿದ್ದವು. ಗ್ರಂಥಪಾಲಕಿ ವೈಜಯಂತಿ ಮನೆಯಲ್ಲಿ ಯಾರೊಂದಿಗೂ ಆಡದ ಮಾತುಗಳು ಆ ದಿನ ತಾವಾಗಿಯೇ ಬರುತ್ತಿದ್ದವು. ಇಬ್ಬರ ಊಟವನ್ನೂ ಅವಳೇ ತರುತ್ತಿದ್ದಳು. ಬಡಿಸುವಾಗ ಅವನು ಏನೋ ಹೇಳಹೊರಟು, "ಬಂಗಡೆ ಸಾರು ಚೊಲೋ ಆಗಿದೆ" ಎಂದಷ್ಟೇ ಹೇಳುತ್ತಿದ್ದ.

ಅವಳು ಕಾದಳು. ಕಾದು ಕಾದು, ಹೋದ ತಿಂಗಳು ಹುಬ್ಬಳ್ಳಿಯ ಗಂಡಿಗೆ ಹೂಂ ಎಂದಳು. ಮೊನ್ನೆ ಫೋನಿನಲ್ಲಿ ಆ ಸುದ್ದಿ ಹೇಳಿದಾಗ ರೂಪೇಶ, "ಒಳ್ಳೇದಾಯ್ತು" ಎಂದಿದ್ದ. ಇವತ್ತಿನ ಒಂದು ದಿನವಾದರೂ ಪೂರ್ತಿ ಸಿಗುತ್ತದೆ ಎಂದುಕೊಂಡೇ ಅವಳು ಬಂದಿದ್ದಳು.

"ಕಂಪೈಲ್ ಮಾಡಲಿಲ್ಲವಾ?"

"ಇಲ್ಲ, ಬೈನರಿ ಪ್ಯಾಕೇಜು ಹಾಕಿದೆ. ಬೇರೆ ಕಡೆ ಕಂಪೈಲ್ ಆಗಿ ಸಿದ್ಧವಾಗೇ ಬರ್ತದೆ, ನಾವು ಇಳಿಸಿಕೊಳ್ಳೂದಷ್ಟೇ. ನಿಮ್ಮ ಜಾಗಕ್ಕೆ ಬರುವವರಿಗೂ ಹೇಳಿಕೊಡಿ, ಒಂದೇ ಕಮಾಂಡ್. ಇನ್ನು ಇದಕ್ಕಾಗಿ ಯಾರೂ ಬರಬೇಕಂತಿಲ್ಲ."

ಅವನು ಬ್ಯಾಗಿನ ಜಿಪ್ ಎಳೆದ. ಊಟ ಮಾಡಿಯೇ ಹೋಗಿ ಎನ್ನಬೇಕೆಂದುಕೊಂಡಳು. ಊಟದ ಹೊತ್ತು ಇನ್ನೂ ಬಹಳ ದೂರವಿತ್ತು.

ಬಾಗಿಲವರೆಗೆ ಅವಳೂ ಬಂದಳು. ಹೆದ್ದಾರಿಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು. ಅವನನ್ನು ಇನ್ನೊಂದು ಗಳಿಗೆ ನಿಲ್ಲಿಸಿಕೊಳ್ಳಲು ಬಾಯಿಗೆ ಬಂದದ್ದನ್ನು ಕೇಳಿದಳು.

"ಈ ಸಿದ್ಧ ಪ್ಯಾಕೇಜು ಯಾವಾಗಿಂದ ಬಂತು, ರೂಪೇಶ?"

ಅವನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ.

"ನಾನು ಮೊದಲ ಸಲ ಬಂದಾಗಲೂ ಇತ್ತು."