ಕೆಡವುವ ಬಣ್ಣ

ಮಾನ್ಲಿಯೋನ ಹಳದಿ ಪೆನ್ಸಿಲ್ ಮೂರನೆಯ ಮನೆಯ ಮೇಲೆ ಬಂದು ನಿಂತುಬಿಟ್ಟಿತು. ಹೈಸ್ಕೂಲು ಮಕ್ಕಳ ನಕ್ಷೆ ಸ್ಪರ್ಧೆಯಲ್ಲೂ ಎಂಜಿನಿಯರುಗಳ ನಿಯಮವೇ: ಇರುವುದು ಕಪ್ಪು, ಕಟ್ಟುವುದು ಕೆಂಪು, ಕೆಡವುವುದು ಹಳದಿ. ರೈಲು ನಿಲ್ದಾಣದಿಂದ ಸಂತ ರೊಕ್ಕೋ ಇಗರ್ಜಿಯವರೆಗೆ ನೇರ ಮೆಟ್ಟಿಲಸಾಲು ಬರಲಿ ಎಂದವಳು ಜೊತೆಗಾತಿ ಎರ್ಸಿಲಿಯಾ. ಅದಕ್ಕೆ ಅಡ್ಡ ಬಂದ ಈ ಮನೆಯೂ ಅವಳದೇ.

"ಮೆಟ್ಟಿಲನ್ನ ಸ್ವಲ್ಪ ಬಗ್ಗಿಸೋಣ ಕಣೇ," ಎಂದ ಮಾನ್ಲಿಯೋ.

"ನಾಯಿ ಬಾಲದ ಥರಾನಾ? ಹಾಗಾದ್ರೆ ಬಹುಮಾನಾನೂ ಪಕ್ಕದ ಮೇಜಿನವರಿಗೆ ಕೊಟ್ಟು ಬಾ."

"ಗೆದ್ರೆ ನಗರಸಭೆಯವರು ನಿಜವಾಗ್ಲೂ ಕಟ್ತಾರಂತೆ."

"ಗೊತ್ತು. ಕೊಡಿಲ್ಲಿ, ನೀನು ಗೆರೆ ದಾಟಿಸ್ತೀಯ."

ಅವಳು ಪೆನ್ಸಿಲ್ ಕಿತ್ತುಕೊಂಡಳು. ಅಡುಗೆಮನೆ, ನಡುಮನೆ, ತಾನು ಓದುವ ಕೋಣೆ ಒಂದೊಂದಾಗಿ ಹಳದಿಯಾದವು. ಎಲ್ಲಿಯೂ ಬಣ್ಣ ಗೆರೆ ದಾಟಲಿಲ್ಲ. ಹಿಂದಿನ ಸಣ್ಣ ಕೋಣೆಯೊಂದೇ ಉಳಿದಾಗ ಎರ್ಸಿಲಿಯಾ ತಲೆಯೆತ್ತಿ ಗೋಡೆ ಗಡಿಯಾರ ನೋಡಿದಳು. ಆಮೇಲೆ ಬೆರಳು ಸಡಿಲಿಸಿ, ಪೆನ್ಸಿಲ್ ಕಾಗದಕ್ಕೆ ತಾಕಿತೋ ಇಲ್ಲವೋ ಎಂಬಂತೆ ಬಳಿಯತೊಡಗಿದಳು.

"ಒತ್ತಿ ಬಳಿಯೇ, ಕಾಣೋದೇ ಇಲ್ಲ," ಎಂದ ಮಾನ್ಲಿಯೋ.

"ಮೆಲ್ಲಗೆ ಮಾತಾಡು," ಎಂದಳು ಅವಳು, ನಕ್ಷೆಯಿಂದ ಕಣ್ಣು ಕೀಳದೆ. "ಊಟ ಆದಮೇಲೆ ಅಜ್ಜಿ ಈ ಕೋಣೇಲೇ ಮಲಗಿರ್ತಾಳೆ."